ನಳದ ಬಾಯಿಗೆ ಬೆಂಡು ಇಟ್ಟ ಶಮ್ಸುನ್ನಿಸಾ

ಶಮ್ಸುನ್ನಿಸಾ ಈಗಲೂ ನನ್ನ ಮನೆಯ ಮುಂದೆ ಹಾದುಹೋಗುವಾಗ ಮಾರಿ ಆ ಕಡೆ ತಿರುಗಿಸಿಕೊಂಡು ಹೋಗುತ್ತಾಳೆ. ಅಲ್ರಿ, ಯಾಕೆ? ಅವಳ ಮೇಲೆ ಬಂದ ಕಂಟಕವನ್ನು ನನ್ನ ತಲೆಯ ಮೇಲೆ ಎಳೆದುಕೊಂಡವನು ನಾನು. ಅವಳ ನೌಕರಿ ಉಳಿದದ್ದು ನನ್ನಿಂದ. ಬೇರೆ ಯಾರಾದರೂ ಆಗಿದ್ದರೆ ಕಂಡಲ್ಲಿ ಕೈ ಮುಗಿಯುತ್ತಿದ್ದರು. ಇವಳು ಮಾರಿ ತಿರುಗಿಸುತ್ತಾಳೆ. ನನಗೆ ಸಿಟ್ಟು ಬರುತ್ತದೆ. ಬಂದ ಮೇಲೆ ಅದು ಯಾರ ಮೇಲೆ ಬಂತು ಅನ್ನುವುದು ಮಾತ್ರ ತಿಳಿಯುವುದಿಲ್ಲ. ನಾನು ಪಂಚಾಯ್ತಿ ಮೆಂಬರ್, ಐದನೇ ಇಯತ್ತೆ ತನಕ ಕಲಿತವನು. ಬರೆದು ನೋಡಿದರೆ ತಿಳಿದೀತೇನೋ ಅಂತ ಕೂತಿದ್ದೇನೆ.

ಶಮ್ಸುನ್ನಿಸಾ ನಮ್ಮೂರಿಗೆ ನೀರು ಬಿಡುವವಳು. ಅಫಜಲಪುರದಿಂದ ಸೊನ್ನದ ಕಡೆ ಹೋಗುವ ರಸ್ತೆಯಲ್ಲಿ ನಮ್ಮ ಊರು. ಅವಳ ತವರು ಜೇವರ್ಗಿ ತಾಲೂಕಿನ ಅಂದೋಲಾ. ಮೊದಲು ಈ ಕೆಲಸ ಅವಳ ಗಂಡ ಕರೀಮಸಾಬನದು. ಮೋಟಾರಿಗೆ ಬೇಕಾದ ಕರೆಂಟು ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ. ರಾತ್ರಿ ಪಾಳಿಯಲ್ಲಿ ಮೋಟಾರು ಹಚ್ಚಲು ಹೋದ ಕರೀಮಸಾಬನಿಗೆ ಬೋರಿನ ಹತ್ತಿರ ಹಾವು ಕಡಿಯಿತು. ಅಫಜಲಪುರದ ದವಾಖಾನೆ ಮುಟ್ಟುವುದರೊಳಗೆ ಮುಗಿದಿತ್ತು. ನಲವತ್ತನೇ ದಿನದ ಫಾತಿಹಾ ಆದ ಮರುದಿನವೇ ಇವಳು ನೀರಿನ ಟಾಕಿಯ ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಚಾವಿಯನ್ನು ಹೆಗಲ ಮೇಲೆ ಇಟ್ಟುಕೊಂಡು ಹೊರಟಳು. ಕಟ್ಟೆಯ ಮೇಲೆ ಕೂತವರು ನಕ್ಕರು, "ಹೆಣ್ಮಗಳು ವಾಲ್ವ್ ತಿರುಗಸ್ತಾಳಂತ!"

"ಯಾಕ್ರಿ, ವಾಲ್ವ್ ಏನು ಮೀಸೀ ನೋಡಿ ತಿರುಗತದೇನು?" ಅಂದಳು. ಆಮೇಲೆ ಯಾರೂ ನಗಲಿಲ್ಲ.

ನಮ್ಮೂರ ನಳಗಳ ಸಂಗತಿ ಒಂದಿಷ್ಟು ಹೇಳಬೇಕು. ಯಾವ ನಳಕ್ಕೂ ತಿರುಗಿಸಿ ಮುಚ್ಚುವ ತೋಟಿ ಇರಲಿಲ್ಲ. ಸರ್ಕಾರದವರು ಮನೆಮನೆಗೂ ಕೊಟ್ಟಿದ್ದರು, ನಾವೇ ಕಿತ್ತು ಒಳಗೆ ಇಟ್ಟಿದ್ದೆವು. ಕರೆಂಟು ಯಾವಾಗ ಬರುತ್ತದೋ, ನೀರು ಯಾವಾಗ ಬರುತ್ತದೋ ಯಾರಿಗೆ ಗೊತ್ತು? ಪೈಪಿನ ಬಾಯಿ ತೆರೆದಿಟ್ಟು ಕೆಳಗೆ ಖಾಲಿ ಕೊಡ ಇಡುವುದು. ನೀರು ಬಂದರೆ ಕೊಡ ಸಪ್ಪಳ ಮಾಡುತ್ತದೆ, ಎಚ್ಚರ ಆಗುತ್ತದೆ. ಹೊಸದಾಗಿ ಬಂದ ಸೊಸೆಗೆ ಅತ್ತೆ ಕಲಿಸುವ ಮೊದಲ ಪಾಠ ಇದು.

ಹೀಗಿರುವಾಗ ಸುನಿತಾ ಮೇಡಂ ಬಂದರು. ಆಳಂದ, ಅಫಜಲಪುರ, ಜೇವರ್ಗಿ, ಮೂರೂ ತಾಲೂಕಿನ ಪಂಚಾಯ್ತಿಗಳಿಗೆ ತಿರುಗಿ ಕರೆಂಟಿನ ಖರ್ಚು ಕಡಿಮೆ ಮಾಡಿಕೊಡುವ ಒಂದು ಸಂಸ್ಥೆಯವರು. ಮಟಮಟ ಮಧ್ಯಾಹ್ನ ನಮ್ಮ ಬೀದಿದೀಪಗಳು ಉರಿಯುವುದನ್ನು ನೋಡಿ ತಲೆಗೆ ಕೈ ಹಚ್ಚಿದರು. "ಸೂರ್ಯಗ ದಾರಿ ತೋರ್ಸಾಕತ್ತೀರೇನ್ರಿ ಮೆಂಬರ್ರ?" ಅಂದರು. ದೀಪಕ್ಕೆ ಸ್ವಿಚ್ಚು ಕೂಡಿಸಿದರು, ಹಳೆಯ ಬಲ್ಬು ಹೋಗಿ ಎಲ್‌ಇಡಿ ಬಂತು. ಆಮೇಲೆ ನೀರಿನ ಮೋಟಾರಿಗೆ ಸೋಲಾರ್ ಹಾಕುವ ಮಾತು ಬಂತು. ನನ್ನ ಕಣ್ಣ ಮುಂದೆ ಕರೀಮಸಾಬನ ಕಾಲು ಬಂತು, ಬಾತು ನೀಲಿಯಾದ ಕಾಲು. ಹಗಲು ಬಿಸಿಲಿಗೆ ಮೋಟಾರು ತಾನೇ ನಡೆದರೆ ಕತ್ತಲಲ್ಲಿ ಯಾರೂ ಹೋಗುವುದು ಬೇಡವಲ್ಲ? ಪಂಚಾಯ್ತಿಯಲ್ಲಿ ಮೇಜು ಬಡಿದು ಠರಾವು ಮಾಡಿಸಿದವನು ನಾನು.

ಅಧ್ಯಕ್ಷ ದೌಲತರಾಯ ಅಂದ, "ಆಯ್ತು ಅಮೋಘಸಿದ್ದ. ಕೆಟ್ರ ನಿನ್ನ ಹೆಸರು."

ಕನ್ನಡ ಸಾಲಿಯ ಹಿಂದೆ ಸೋಲಾರ್ ಪ್ಲೇಟುಗಳು ನಿಂತವು. ಸುನಿತಾ ಮೇಡಂ, "ಇನ್ನ ಟಾಕಿ ವಾಲ್ವ್ ಮುಚ್ಚೋದು ಬ್ಯಾಡ. ತೋಟಿ ತಿರುಗಿಸ್ದಾಗ ನೀರು ಬರ್ತಾವ, ಶಹರದಾಗ ಬಂದಂಗ. ತೋಟಿ ಎಲ್ಲರಿಗೂ ಕೊಟ್ಟಾರಲ್ರಿ?" ಅಂತ ಕೇಳಿದರು.

"ಕೊಟ್ಟಾರ್ರಿ," ಅಂದೆವು. ಕೊಟ್ಟಿದ್ದು ಖರೇನೇ ಅಲ್ಲವೇ?

ದೌಲತರಾಯ ಅಲ್ಲೇ ಲೆಕ್ಕ ಹಾಕಿದ. ವಾಲ್ವ್ ತಿರುಗಿಸುವುದಿಲ್ಲ ಅಂದಮೇಲೆ ತಿರುಗಿಸುವವಳು ಯಾತಕ್ಕೆ? ಸಂಕ್ರಾಂತಿ ಆದಮೇಲೆ ಶಮ್ಸುನ್ನಿಸಾಳನ್ನು ಕೆಲಸದಿಂದ ಬಿಡಿಸುವುದು ಅಂತಾಯಿತು.

ಮೋಟಾರು ದಿನವಿಡೀ ನಡೆಯಿತು. ಟಾಕಿ ಮಾತ್ರ ತುಂಬಲಿಲ್ಲ. ನೀರು ಮೇಲೆ ಹೋಗುವುದು ಕಾಣುತ್ತದೆ, ಸಂಜೆ ಏಣಿ ಹತ್ತಿ ನೋಡಿದರೆ ತಳದಲ್ಲಿ ಪಾಚಿ. ಹೊಲದಿಂದ ಬಂದ ಹೆಂಗಸರಿಗೆ ಕೊಡದಲ್ಲಿ ಇದ್ದಷ್ಟೇ ನೀರು. ಪ್ಲೇಟಿನ ಮೇಲೆ ಧೂಳು ಕೂತಿದೆ ಅಂದರು, ತೊಳೆದೆವು. ಪೈಪು ಒಡೆದಿದೆ ಅಂದರು, ನೆಲ ಅಗೆದೆವು. "ಅಮೋಘಸಿದ್ದನ ಬಿಸಿಲು ಬಾವಿ" ಅಂತ ಕಟ್ಟೆಯ ಮೇಲೆ ಹೆಸರು ಬಿತ್ತು. ನನ್ನ ಹೆಂಡತಿ ಕಾಶಿಬಾಯಿ ಕೂಡ, "ಬಿಸಿಲು ಕುಡಿಯಾಕ ಕೊಡಲೇನು?" ಅಂತ ಖಾಲಿ ತಂಬಿಗೆ ಮುಂದಿಟ್ಟಳು.

ನನ್ನ ತಲೆ ಕೆಟ್ಟಿತು. ಕೆಟ್ಟ ತಲೆಗೆ ಒಂದೇ ವಿಚಾರ ಹೊಳೆಯಿತು. ನೌಕರಿ ಹೋಗುತ್ತದೆ ಅಂತ ಇವಳೇ ಟಾಕಿ ಖಾಲಿ ಮಾಡುತ್ತಿದ್ದಾಳೆ. ಓಣಿಯ ನಡುವೆ ಹಿಡಿದು ಕೇಳಿದೆ.

"ಎಲ್ಲಿ ಬಿಡಾಕತ್ತೀ ಬೇ ನೀರು? ಯಾರ ಹೊಲಕ್ಕ?"

"ನನಗೂ ತಿಳೀವಲ್ದು ಮೆಂಬರ್ರ. ಅಲ್ಲಾನ ಆಣಿ, ವಾಲ್ವ್ ಮುಟ್ಟಿಲ್ಲ."

"ಚಾವಿ ಕೊಡು."

ಕೊಡಲಿಲ್ಲ. ಕಸಿದುಕೊಂಡೆ. ಆ ಚಾವಿ ಕರೀಮಸಾಬನ ಕೈಯದು ಅಂತ ಅವಳು ಅಂದದ್ದು ಕೇಳಿಸಿತು, ಆದರೆ ನಾನು ಆಗಲೇ ಮನೆಯ ದಾರಿ ಹಿಡಿದಿದ್ದೆ.

ತೊಗರಿ ಕೊಯ್ಲಿನ ಕಾಲ. ಊರಿನಲ್ಲಿ ಹಗಲು ನಾಯಿಗಳು ಬಿಟ್ಟರೆ ಯಾರೂ ಇಲ್ಲ. ನಾನೂ ಹೊಲದಲ್ಲಿದ್ದೆ. ಸಂಜೆ ಊರು ಸೇರುವ ಹೊತ್ತಿಗೆ ಹೆಂಗಸರ ಕೂಗಾಟ. ಗುರುಶಾಂತಮ್ಮ ಮುಂದೆ, ಹಿಂದೆ ಇಡೀ ಓಣಿ. ಗುರುಶಾಂತಮ್ಮ ವಯಸ್ಸಾದವಳು, ಅವಳ ಬಾಯಿಗೆ ದೌಲತರಾಯನೂ ಹೆದರುತ್ತಾನೆ. ಕೈಯಲ್ಲಿ ಹಿಡಿದದ್ದು ಬೆರಳುದ್ದದ ಜೋಳದ ದಂಟಿನ ಬೆಂಡು, ಅದಕ್ಕೆ ಸುತ್ತಿದ್ದು ಕೆಂಪು ಅರಿವಿ.

"ಭಾನಾಮತಿ! ಒಂದೊಂದು ಮನಿ ನಳದಾಗೂ ಇಟ್ಟಾರ! ಮಾಟಾ ಮಾಡ್ಯಾರ ಊರಿಗೆ!"

ನಮ್ಮ ಸೀಮೆಯಲ್ಲಿ ಈ ಒಂದು ಮಾತು ಸಾಕು. ಯಾವುದೋ ಊರಿನಲ್ಲಿ ಇದೇ ಮಾತಿಗೆ ಒಬ್ಬನನ್ನು ಕಂಬಕ್ಕೆ ಕಟ್ಟಿದ್ದನ್ನು ಕೇಳಿದ್ದೆ. ಗಂಡಸರು ಬಡಿಗೆ ಹಿಡಿದು ಬಂದಿದ್ದರು, ಯಾರನ್ನು ಹೊಡೆಯಬೇಕು ಅಂತ ಅವರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಆ ಕೆಂಪು ಅರಿವಿ ಶಮ್ಸುನ್ನಿಸಾಳ ಹಳೆಯ ಓಢಣಿ. ಕರೀಮಸಾಬ ಇದ್ದಾಗ ಹಬ್ಬಕ್ಕೆ ಹೊದೆಯುತ್ತಿದ್ದಳು. ಯಾಕೆ ಹೀಗೆ ಮಾಡಿದಳು ಅಂತ ಒಂದಿಷ್ಟೂ ತಿಳಿಯಲಿಲ್ಲ. ಆದರೆ ಅವಳು ಗುಂಪಿನ ಹಿಂದಿನಿಂದ ಮುಂದೆ ಬರುತ್ತಿದ್ದಳು, ಬಾಯಿ ತೆರೆದಿದ್ದಳು.

"ಕೇಳ್ರಿ ಇಲ್ಲೆ, ಅವು ನಾನ..."

"ಸುಮ್ನಿರು ಬೇ!" ಅಂತ ಒದರಿದೆ. "ನಾ ಇಟ್ಟೇನಿ! ಅಷ್ಟೂ ನಾನೇ ಇಟ್ಟೇನಿ!"

ಗುರುಶಾಂತಮ್ಮ ಬೆಂಡನ್ನು ನನ್ನ ಮೂಗಿಗೆ ಹಿಡಿದಳು. "ನೀ ಯಾಕ ಇಟ್ಟೀ ಲೇ ಭಾಡ್ಯಾ?"

"ಯಾಕಂದ್ರ... ನೀರು ನಿಲ್ಲಾಕ!"

ಬಾಯಿಗೆ ಬಂದದ್ದು ಅಂದುಬಿಟ್ಟೆ. ಆಗ ಎಲ್ಲರೂ ಒಂದು ಗಳಿಗೆ ಬಾಯಿ ಮುಚ್ಚಿದರು. ಮುಚ್ಚಿದ್ದಕ್ಕೇ ಸಪ್ಪಳ ಕೇಳಿಸಿತು. ಮೇಲಿಂದ ನೀರು ಬೀಳುವ ಸಪ್ಪಳ. ಟಾಕಿ ತುಂಬಿ ಹೊರಗೆ ಚೆಲ್ಲುತ್ತಿತ್ತು. ಕಟ್ಟಿಸಿದ ದಿನದಿಂದ ಹಾಗೆ ಚೆಲ್ಲಿದ್ದನ್ನು ಯಾರೂ ನೋಡಿರಲಿಲ್ಲ.

ಸುಳ್ಳು ಹೇಳಿದ ಮೇಲೆ ನನಗೆ ಖರೇ ಸಂಗತಿ ತಿಳಿಯಿತು ನೋಡ್ರಿ. ಊರು ಹೊಲದಲ್ಲಿದ್ದಾಗ, ಕೊಡ ತುಂಬಿ ಹೊರಚೆಲ್ಲಿ, ತೋಟಿ ಇಲ್ಲದ ನಳಗಳಿಂದ ನೀರೆಲ್ಲ ಗಟಾರಕ್ಕೆ ಹೋಗುತ್ತಿತ್ತು. ಮೋಟಾರು ಬಿಸಿಲಿಗೆ ಬಂದಿತ್ತು, ನಾವು ಇನ್ನೂ ರಾತ್ರಿ ಪಾಳಿಯಲ್ಲೇ ಇದ್ದೆವು. ಚಾವಿ ನಾನು ಕಸಿದುಕೊಂಡಿದ್ದೆ. ವಾಲ್ವ್ ಮುಚ್ಚಲಾಗದ ಇವಳು ಗಟಾರದ ಹಸಿಯ ಜಾಡು ಹಿಡಿದು ಮನೆಮನೆಗೆ ಹೋಗಿ ನಳದ ಬಾಯಿ ಮುಚ್ಚಿದ್ದಳು. ಹೇಳಿದರೆ ಯಾರೂ ನಂಬುವುದಿಲ್ಲ, ಟಾಕಿ ತುಂಬಿಸಿ ತೋರಿಸಿಯೇ ಹೇಳಬೇಕು ಅಂತ ಇದ್ದಳಂತೆ. ಇದೆಲ್ಲ ಆಮೇಲೆ ಅವಳು ಕಾಶಿಬಾಯಿಯ ಮುಂದೆ ಹೇಳಿದ್ದು.

ಭಾನಾಮತಿ ನಗೆಯಾಯಿತು. ಗುರುಶಾಂತಮ್ಮ, "ನಿನ್ನ ತಲಿಯೊಳಗೂ ಇಷ್ಟಿತ್ತೇನೋ!" ಅಂತ ನನ್ನ ಬೆನ್ನಿಗೆ ಗುದ್ದಿದಳು. ಕಿತ್ತಿಟ್ಟ ತೋಟಿಗಳು ಹೊರಗೆ ಬಂದವು. ನಾನು ದೌಲತರಾಯನ ಮುಂದೆ ಕೂತು, ತೋಟಿ ತೆರೆದಿಟ್ಟವರ ಮೇಲೆ ಕಣ್ಣಿಡಲು ಒಬ್ಬರು ಬೇಕೇ ಬೇಕು ಅಂತ ಜಗಳ ಮಾಡಿದೆ. ಶಮ್ಸುನ್ನಿಸಾಳ ನೌಕರಿ ಉಳಿಯಿತು. ಚಾವಿ ಅವಳ ಮನೆಗೆ ಒಯ್ದು ಕೊಟ್ಟೆ.

ತೆಗೆದುಕೊಂಡಳು. "ಬೆಂಡು ಯಾರು ಇಟ್ರು ಅಂತ ಯಾವಾಗ ಹೇಳ್ತೀರಿ?" ಅಂದಳು.

"ಹುಚ್ಚಿ ಇದ್ದೀಯೇನು? ಹೇಳಿದ್ರ ಮತ್ತ ಭಾನಾಮತಿ ಅಂತಾರ."

"ನೀವು ಇಟ್ರ ಶಾಣ್ಯಾತನ, ನಾ ಇಟ್ರ ಭಾನಾಮತಿ. ಹೌದಿಲ್ರಿ?"

ನಾನು ಚಪ್ಪಲಿ ಮೆಟ್ಟಿಕೊಂಡು ಮನೆಯ ದಾರಿ ಹಿಡಿದೆ.

ಸುನಿತಾ ಮೇಡಂಗೂ ನನ್ನ ಹೆಸರೇ ಮುಟ್ಟಿತು. ಜೇವರ್ಗಿಯಲ್ಲಿ ಮೂರೂ ತಾಲೂಕಿನ ಪಂಚಾಯ್ತಿಯವರನ್ನು ಕರೆಸಿ ಸಭೆ ಮಾಡಿದರು. ನನ್ನನ್ನು ಎಬ್ಬಿಸಿ ನಿಲ್ಲಿಸಿ ಶಾಲು ಹೊದಿಸಿದರು. ಅವಳ ಹೆಸರು ಹೇಳಬೇಕು ಅಂತಿದ್ದವನು ಚಪ್ಪಾಳೆ ಹೊಡೆಯುವಾಗ ಕೈ ಮುಗಿದು ಕೂತೆ. ಆ ಶಾಲನ್ನು ಅವಳ ಮನೆಗೆ ಒಯ್ದೆ. "ಇದು ನನಗ ಯಾಕ್ರಿ? ಚಳಿ ಇಲ್ಲ," ಅಂದಳು. ಅಂದಿನಿಂದ ಮಾರಿ ತಿರುಗಿಸುವುದು ಶುರುವಾಯಿತು.

ಮುಂದೆ ಇನ್ನೊಂದು ಫಜೀತಿ. ಆಳಂದದ ಕಡೆಯ ನೀರು ಬಿಡುವವರಿಗೆ ಕಲಿಸಲು ನನ್ನನ್ನೇ ಕರೆದರು. ಹೋದೆ. ಮಸೂದ ಅಂತ ಒಬ್ಬ ಎದ್ದು, "ಸಾಹೇಬ್ರ, ನೀರಿನ ಜೋರಿಗೆ ಬೆಂಡು ಹಾರಿ ಬರಲಿಲ್ಲೇನ್ರಿ? ಮೊದಲು ಮ್ಯಾಲಿನ ಓಣಿ ಮುಚ್ಚಿದ್ರೋ, ಕೆಳಗಿನ ಓಣಿನೋ?" ಅಂತ ಕೇಳಿದ. ಚಹಾ ಕುಡಿದು ಬಂದು ಹೇಳುತ್ತೇನೆ ಅಂದವನು ಬಸ್ ಸ್ಟ್ಯಾಂಡಿಗೆ ಬಂದು ಕೂತೆ. ಊರಿಗೆ ಬಂದು ನೇರ ಅವಳ ಬಾಗಿಲಿಗೆ ಹೋದೆ.

"ಶಮ್ಸಾ, ಮೊದಲು ಯಾವ ಓಣಿ ಮುಚ್ಚಿದಿ?"

ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ. "ನಿಮಗ ಗೊತ್ತಿರಬೇಕಲ್ರಿ. ನೀವೇ ಇಟ್ಟೀರಿ."

ಸಿಟ್ಟು ಬಂತು. ಬಂದದ್ದು ನಿಲ್ಲಲಿಲ್ಲ, ಇಳಿದುಹೋಯಿತು. "ಗ್ರಾಮಸಭಾದಾಗ ಎಲ್ಲಾರ ಮುಂದ ಹೇಳ್ತೇನಿ. ಮಾತು ಕೊಟ್ಟೆ," ಅಂದೆ.

"ಕೊಡ್ರಿ," ಅಂದಳು.

ಗ್ರಾಮಸಭೆ ಆಯಿತು. ಅವಳು ಹೆಂಗಸರ ಸಾಲಿನ ಕೊನೆಗೆ ಕೂತಿದ್ದಳು. ನಾನು ಎದ್ದು ನಿಂತೆ. ಗುರುಶಾಂತಮ್ಮ ನನ್ನ ಮಾರಿ ನೋಡುತ್ತಿದ್ದಳು, ದೌಲತರಾಯ ಗಡಿಯಾರ ನೋಡುತ್ತಿದ್ದ. ಕೆಳಗಿನ ಓಣಿಯ ಎರಡು ಬೀದಿದೀಪ ಕೆಟ್ಟಿವೆ, ಲಗೂ ಹಾಕಿಸಬೇಕು ಅಂದೆ. ಕೂತೆ. ಆಮೇಲೆ ಇನ್ನೂ ಎರಡು ಗ್ರಾಮಸಭೆ ಆದವು. ಕೊಟ್ಟ ಮಾತು ಇನ್ನೂ ನನ್ನ ಕಡೆಯೇ ಇದೆ.