ಕಲೆ ಹಿಡಿಯದ ಬಟ್ಟೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ‘ಬಟ್ಟೆ ಅಕ್ಕ’ ಆಗಲೇ ಕೂಸುಗಳ ಬಟ್ಟೆಯ ಮೂಟೆ ಬಿಚ್ಚಿದ್ದಾರೆ. ಯಂತ್ರಕ್ಕೆ ಹಾಕುವ ಮುಂಚೆ ಹಳದಿ ಕಲೆಗಳನ್ನು ಕೈಯಲ್ಲೇ ಉಜ್ಜಬೇಕು. “ಡಾಕ್ಟರಿಗೆ ಕೈ ಮುಗೀತಾರೆ, ನರ್ಸಮ್ಮನಿಗೆ ಸಿಹಿ ಕೊಡ್ತಾರೆ. ನನ್ನ ಮುಖ ಯಾರಿಗೆ ಗೊತ್ತು?” ಹೊಟ್ಟೆಕಿಚ್ಚನ್ನು ಮುಚ್ಚಿಡುವ ಅಭ್ಯಾಸ ಇವರಿಗಿಲ್ಲ.

ಅದರಲ್ಲಿ ಸಿಂಹಪಾಲು ಒಂದೇ ಮನೆಯಲ್ಲಿರುವ ಓರಗಿತ್ತಿಗೆ ಮೀಸಲು. ಮೈದುನನ ಹೆಂಡತಿಯಾಗಿ ಮೊನ್ನೆ ಮೊನ್ನೆ ಬಂದವರಿಗೆ ಬಿಸಿಲು ಬೀಳುವ ಕೋಣೆ, ಅತ್ತೆಯ ಮುದ್ದು. ಸಾಲದ್ದಕ್ಕೆ, ಅವರು ಹೆತ್ತ ಕೂಸಿನ ಬಟ್ಟೆಗೆ ಕಲೆಯೇ ಹಿಡಿಯುತ್ತಿರಲಿಲ್ಲ.

“ನನ್ನ ಮೂರೂ ಮಕ್ಕಳ ಬಟ್ಟೆ ಉಜ್ಜಿ ಉಜ್ಜಿ ಬೆರಳು ಸವೆದಿತ್ತು. ಅವಳು ಒಂದ್ಸಲ ನೀರಲ್ಲಿ ಅದ್ದಿ ಒಣಗಿ ಹಾಕೋಳು. ಕಕ್ಕನೂ ಸುಣ್ಣದ ಥರ ಬೆಳ್ಳಗೆ. ಎಂಥಾ ಪುಣ್ಯವಂತೆ ಅಂತ ನನಗೆ ಮೈಯೆಲ್ಲ ಉರಿಯೋದು.”

ಉರಿ ತಡೆಯಲಾರದೆ ಒಂದು ದಿನ, ಬಟ್ಟೆ ಒಯ್ಯಲು ಬಂದ ನರ್ಸಿನ ಮುಂದೆ ಇದನ್ನೆಲ್ಲ ತೋಡಿಕೊಂಡರು. ನರ್ಸ್ ನಗಲಿಲ್ಲ. “ಕೂಸಿನ ಕಣ್ಣು ಹಳದಿ ಇದೆಯೇನಕ್ಕಾ? ಈಗಲೇ ಕರ್ಕೊಂಡು ಬನ್ನಿ” ಎಂದರು.

ನರ್ಸ್ ಅಂದು ಹೇಳಿಕೊಟ್ಟದ್ದನ್ನು ಅಕ್ಕ ಸೋಪು ಹಚ್ಚುತ್ತಲೇ, ಅವರ ಕೆಲಸದ ಬಗ್ಗೆ ಬರೆಯಲು ಬಂದ ನನಗೆ ಒಪ್ಪಿಸುತ್ತಾರೆ. ಮುಪ್ಪಾದ ರಕ್ತಕಣ ಒಡೆದಾಗ ಅದರ ಕೆಂಪು ಮೊದಲು ಹಸಿರಿಗೆ, ಆಮೇಲೆ ಹಳದಿಗೆ ತಿರುಗುತ್ತದೆ. ಅದನ್ನು ರಕ್ತದಿಂದ ಹೆಕ್ಕಿ ಪಿತ್ತದ ಜೊತೆ ಕರುಳಿಗೆ ಸಾಗಹಾಕುವುದು ಯಕೃತ್ತಿನ ಕೆಲಸ. ಮಲಕ್ಕೆ ಬಣ್ಣ ಬರುವುದು ಅದರಿಂದಲೇ. ಈ ಕೂಸಿನಲ್ಲಿ ಪಿತ್ತದ ದಾರಿಯೇ ಮುಚ್ಚಿತ್ತು. ಪಿತ್ತ ಒಳಗೇ ನಿಂತು ಯಕೃತ್ತು ಕೆಡುತ್ತಿತ್ತು. ತಡವಾಗಿದ್ದರೆ ಜೀವಕ್ಕೇ ಕುತ್ತು.

“ನಾನು ಕರುಬಿದ್ದು ಎಂಥಾ ಕಾಯಿಲೆಗೆ ನೋಡಿ!” ಎಂದು ಹಣೆ ಚಚ್ಚಿಕೊಂಡು, ಹಣೆಗೆಲ್ಲ ನೊರೆ ಮಾಡಿಕೊಳ್ಳುತ್ತಾರೆ.

ಶಸ್ತ್ರಚಿಕಿತ್ಸೆ ಮಾಡಿ ಪಿತ್ತ ಕರುಳಿಗೆ ಇಳಿಯಲು ಬೇರೆ ದಾರಿ ಮಾಡಿದರು. ಅದರಲ್ಲಿ ಪಿತ್ತ ಇಳಿದೀತೇ ಎಂದು ಮನೆಮಂದಿಯೆಲ್ಲ ಕೂಸಿನ ಬಟ್ಟೆಯನ್ನೇ ನೋಡುತ್ತ ಕಾದರು. ಕೊನೆಗೊಂದು ಬೆಳಿಗ್ಗೆ ಹಸಿರು ಬೆರೆತ ಹಳದಿ ಕಲೆ ಕಾಣಿಸಿತು. ಅಕ್ಕ ಬಕೆಟ್ ಹಿಡಿದು ಓಡಿದರು. ಓರಗಿತ್ತಿ ಬಟ್ಟೆ ಕೊಡಲಿಲ್ಲ, ಅಳುತ್ತಾ ತಾವೇ ಒಗೆದರು. ಇಂದಿಗೂ ಬೇರೆ ಯಾರಿಗೂ ಕೂಸಿನ ಬಟ್ಟೆ ಮುಟ್ಟಗೊಡುವುದಿಲ್ಲ.

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಅಕ್ಕ ಮುಖ ಊದಿಸುತ್ತಾರೆ.

“ಊರ ಕೂಸುಗಳದ್ದೆಲ್ಲ ಒಗೀತೀನಿ. ನಮ್ಮ ಕೂಸಿಂದು ಒಂದೇ ಒಂದು ಬಟ್ಟೆ ನನ್ನ ಕೈಗೆ ಕೊಡೋಕೆ ಅವಳಿಗೇನು ಕಷ್ಟ? ದಿನಾ ಅವಳೇ ಉಜ್ಜುತಾಳೆ. ನೋಡಿ ನೋಡಿ ನನಗೆ ಹೊಟ್ಟೆ ಉರಿಯುತ್ತೆ.”