ಮಡಿವಾಳೆಪ್ಪ ಕಾಕಾನ ಹಳೆ ಫೋನುಗಳು
ನಮ್ಮ ಎದುರುಮನೆಯ ಮಡಿವಾಳೆಪ್ಪ ಕಾಕಾ ನವಲಗುಂದದ ಹಳೆ ಫೋನುಗಳನ್ನೆಲ್ಲ ಬೇಡಿ ತಂದು, ಕಂಪನಿ ಹಾಕಿದ್ದ ಸಾಫ್ಟ್‌ವೇರನ್ನು ಪೂರಾ ಅಳಿಸಿ, ಯಾರೋ ಪುಕ್ಕಟೆ ಹಂಚುವ ಲಿನಕ್ಸ್ ಎಂಬ ಬೇರೆ ಸಾಫ್ಟ್‌ವೇರ್ ತುಂಬುತ್ತಾರೆ. “ಸತ್ತ ಫೋನಿಗೆ ದೀಕ್ಷಾ ಕೊಟ್ಟೇನ್ರಿ, ಜೀರೋ ಬಲ್ಬಿಗಿಂತ ಕಮ್ಮಿ ಕರೆಂಟ್ ತಿಂತೈತಿ” ಎಂದು ಸಿಕ್ಕವರಿಗೆಲ್ಲ ಹೇಳುತ್ತಾರೆ. ಒಂದು ಫೋನು ವಚನ ಹಾಡುತ್ತದೆ, ಇನ್ನೊಂದು ಮಳೆಯ ಸುದ್ದಿ ಹೇಳುತ್ತದೆ, ಉಳಿದ ಹನ್ನೊಂದು ಅವರ ಕಿಟಕಿಯಲ್ಲಿ ಸಾಲಾಗಿ ನಿಂತು, ಕಪ್ಪು ಕಣ್ಣು ಬಿಟ್ಟು ನನ್ನ ಕೂಸಿನ ತೊಟ್ಟಿಲನ್ನೇ ನೋಡುತ್ತವೆ. ಪುಕ್ಕಟೆ ಕೊಡುವವರಿಗೆ ನಮ್ಮಿಂದ ಏನೋ ಬೇಕಿರಲೇಬೇಕಲ್ಲ? ನಿನ್ನೆ ತಡೆಯಲಾರದೆ ಹೋಗಿ, “ಕಾಕಾ, ಇವು ನಮ್ಮ ಕೂಸಿನ ಫೋಟೋ ತೆಗಿತಾವೇನ್ರಿ?” ಎಂದೆ. ಅವರು ಒಂದನ್ನು ನನ್ನ ಕೈಗಿಟ್ಟರು. ಕ್ಯಾಮೆರಾದ ಮೇಲೆ, ಕೂಸಿನ ಕೆನ್ನೆಗೆ ನಾನಿಡುವಂಥದೇ ಕಾಡಿಗೆಯ ಬೊಟ್ಟಿತ್ತು. “ಕೂಸಿಗೆ ದೃಷ್ಟಿ ಆಗಬಾರದಲ್ಲಬೇ ಯವ್ವಾ” ಎಂದರು. ಆದರೂ ಹನ್ನೊಂದನ್ನೂ ಎತ್ತಿ ನೋಡಿದೆ. ಒಂದರ ಬೊಟ್ಟು ಮಾಸಿತ್ತು. ಕಾಡಿಗೆ ಡಬ್ಬಿ ತರಲು ಮನೆಗೆ ಓಡಿದೆ.