ನಿಮ್ಮ ಸ್ವರ ಯಾವುದ್ರಿ?

ಅವಮಾನವನ್ನು ಮರೆಯುವುದು ದೊಡ್ಡ ಗುಣವೆಂದು ಉಪದೇಶಿಸುವವರನ್ನು ನಾನು ಬಹಳ ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರು ಅವಮಾನ ಮಾಡಿದವರೇ. ಆದ್ದರಿಂದ ಇಂಡಿ ಊರಿನ ನಮ್ಮ ಓಣಿಯ ಮಠದಲ್ಲಿ ಶ್ರಾವಣದ ಒಂದು ಸೋಮವಾರ ನಡೆದದ್ದನ್ನು ನಡೆದಂತೆಯೇ ಬರೆಯುತ್ತೇನೆ.

ಆ ಮಠದ ಭಜನಾ ಮೇಳದಲ್ಲಿ ನಾನು ನೌಕರಿಯ ಕಾಲದಿಂದಲೂ ಹಾಡುತ್ತಿದ್ದೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವಳಾದ್ದರಿಂದ ಎಲ್ಲರಿಗೂ ನಾನು ‘ಬಾಯಾರು’. ಮೇಳದ ಶ್ರುತಿಯನ್ನು ನಿರ್ಧರಿಸುತ್ತಿದ್ದವರು ಹಾರ್ಮೋನಿಯಂ ನುಡಿಸುವ ಪೆಟಗಿ ಮಾಸ್ತರರು. ಅವರ ಬೆರಳು ಸದಾ ‘ಕಾಳಿ ಎರಡ’ರ ಮೇಲೆ, ಅಂದರೆ ಎರಡನೆಯ ಕಪ್ಪು ಮನೆಯ ಮೇಲೆ ಇರುತ್ತಿತ್ತು. ಅದು ಗಂಡಸರ ಕಂಠಕ್ಕೆ ಒಗ್ಗುವ ಎತ್ತರ. ಅಲ್ಲಿ ಕೆಳಗಿಳಿದರೆ ನನ್ನ ದನಿ ಬರಿಯ ಉಸಿರಾಗುತ್ತಿತ್ತು. ಮೇಲಿನ ಸಪ್ತಕಕ್ಕೆ ಹಾರಿದರೆ ಸೀಳುತ್ತಿತ್ತು. ಆ ಸೋಮವಾರ, ಒಂದೇ ಒಂದು ಭಜನೆಯ ಪದಕ್ಕೆ ಶ್ರುತಿಯನ್ನು ಏರಿಸಿರೆಂದು ಕೇಳಿದೆ.

“ಬಾಯಾರ, ದೇವರಿಗೆ ಭಕ್ತಿ ಬೇಕಾಗೇತಿ. ನಿಮ್ಮ ಸಲುವಾಗಿ ಪೆಟಗಿ ಮನಿ ಬದ್ಲಿ ಮಾಡೂದಿಲ್ಲ,” ಎಂದರು ಮಾಸ್ತರರು.

ಮೊದಲು ನಕ್ಕವರು ಕಂಬಕ್ಕೆ ಒರಗಿದ್ದ ಕಿರಾಣಿ ಅಂಗಡಿಯವರು. ಅನಂತರ ತಬಲಾದವರು. ಕೊನೆಗೆ, ಮೋರೆಗೆ ಟವೆಲ್ ಅಡ್ಡ ಹಿಡಿದು ನಕ್ಕ ಮಹಾಶಯರ ಮಗನಿಗೆ ನಾನು ಮನೆಯಲ್ಲಿ ಕೂರಿಸಿಕೊಂಡು ಭಿನ್ನರಾಶಿ ಕಲಿಸಿದ್ದೆ. ಆದರೂ ಹಾಡಿದೆ. ಎರಡನೆಯ ನುಡಿಯಲ್ಲಿ ದನಿ ಸತ್ತಿತು. “ಭಕ್ತಿ ಕಮ್ಮಿ ಬಿತ್ತು ನೋಡ್ರಿ,” ಎಂದರು ಮಾಸ್ತರರು. ಮಂಗಳಾರತಿಗೆ ಕಾಯದೆ ಎದ್ದು ಬಂದೆ.

ಮಠವನ್ನು ಮಾತ್ರವಲ್ಲ, ಮನೆಯ ದೇವರ ಕೋಣೆಯನ್ನೂ ಬಿಟ್ಟೆ. ದೀಪ ಹಚ್ಚುವ ಕೆಲಸ ನಮ್ಮ ಯಜಮಾನರ ಪಾಲಿಗೆ ಹೋಯಿತು.

“ನಿನ್ನ ಜಗಳ ಪೆಟಗಿ ಮಾಸ್ತರನ ಕೂಡ. ದೇವರು ಏನ್ ಮಾಡ್ಯಾನ?” ಎಂದು ಅವರು ಕೇಳಿದರು.

“ಸುಮ್ನ ಕುಂತಿದ್ನಲ್ಲ, ಅದನ್ನ ಮಾಡ್ಯಾನ,” ಎಂದೆ.

ಅದನ್ನು ಹಠವೆಂದು ಜನ ಆಡಿಕೊಂಡರು. ಹಠವಾಗಿದ್ದರೆ ನನಗೇ ಗೊತ್ತಾಗುತ್ತಿತ್ತು. ಆಮೇಲೆ ನಮ್ಮ ಅಕ್ಕ ಹಾಸಿಗೆ ಹಿಡಿದಾಗ ಮನೆಮಂದಿಯೆಲ್ಲ ಕಣ್ಣುಮುಚ್ಚಿ ಕೈಮುಗಿದು ಕುಳಿತಿದ್ದರು. ನಾನು ಕಣ್ಣು ತೆರೆದುಕೊಂಡು ಕುಳಿತಿದ್ದೆ. ಅವಳು ತೀರಿಕೊಂಡ ಮೇಲೂ ಹಾಗೆಯೇ ಕುಳಿತಿದ್ದೆ. ಅವಳಿಗಾಗಿ ಬೇಡಿಕೊಳ್ಳಲು ನನಗೆ ದೇವರು ಉಳಿದಿರಲಿಲ್ಲ. ಮಠದವರು ನನ್ನಿಂದ ಕಸಿದುಕೊಂಡದ್ದು ಆ ಬೇಡಿಕೊಳ್ಳುವುದನ್ನು, ಹಾಡನ್ನಲ್ಲ.

ಕಳೆದ ಚಳಿಗಾಲದಲ್ಲಿ ತಂಗಿಯ ಮನೆಗೆಂದು ಹೊರಟು, ಸಿಂದಗಿಯಲ್ಲಿ ಮುದ್ದೇಬಿಹಾಳದ ಬಸ್ ಹತ್ತಿದೆ. ಮುಂದಿನ ಸೀಟಿನ ತರುಣ ಮೊಬೈಲಿನಲ್ಲಿ ಭಜನೆಯೊಂದನ್ನು ಇಡೀ ಬಸ್ಸಿಗೆ ಕೇಳುವಂತೆ ಹಚ್ಚಿದ್ದ. ಒಂದೆಡೆ ಹಾಡುಗಾರನ ಸ್ವರ ಜಾರಿತು. ನಾನು ಲೊಚಗುಟ್ಟಿದೆ. ಅದೇ ಕ್ಷಣಕ್ಕೆ ಪಕ್ಕದಲ್ಲಿ ಕುಳಿತಿದ್ದ ಹೆಂಗಸೂ ಲೊಚಗುಟ್ಟಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

“ಗಾಂಧಾರ ಇಳದೈತ್ರಿ,” ಎಂದೆ.

“ಇಳದಿಲ್ರಿ, ಬಿದ್ದು ಕಾಲ ಮುರ್ಕೊಂಡೈತಿ.”

ಅವರು ಸರ್ಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು, ಬಸವನ ಬಾಗೇವಾಡಿಯವರು. ದೇವರ ಹಿಪ್ಪರಗಿ ಬರುವಷ್ಟರಲ್ಲಿ ನಾವು ರಾಗಗಳ ಬಗ್ಗೆ ಮೂರು ಸಲ ಜಗಳವಾಡಿದ್ದೆವು. ಎರಡರಲ್ಲಿ ನಾನು ಗೆದ್ದಿದ್ದೆ. ಆಗ ಅವರು, “ಇಷ್ಟು ತಿಳದಾಕಿ ನೀವು ಹಾಡೂದಿಲ್ಲಂತೀರಿ. ಯಾಕ್ರಿ?” ಎಂದು ಕೇಳಿದರು. ಎಲ್ಲವನ್ನೂ ಹೇಳಿದೆ. ನಕ್ಕವರನ್ನೂ ಅವರವರ ಕ್ರಮದಲ್ಲೇ ಹೇಳಿದೆ.

ಅವರು ಸಮಾಧಾನ ಹೇಳಲಿಲ್ಲ. “ಅದಿರ್ಲಿ, ನಿಮ್ಮ ಸ್ವರ ಯಾವುದ್ರಿ?” ಎಂದರು.

ಆ ಪ್ರಶ್ನೆಯನ್ನು ನನಗೆ ಅದುವರೆಗೆ ಯಾರೂ ಕೇಳಿರಲಿಲ್ಲ. ಕಾಳಿ ಎರಡು ನನ್ನದಲ್ಲವೆಂಬುದು ಗೊತ್ತಿತ್ತು. ನನ್ನದು ಯಾವುದೆಂಬುದು ಗೊತ್ತಿರಲಿಲ್ಲ.

“ಭಾಳ ಚಂದ ಆತು! ಸಿಟ್ಟಿನ ಲೆಕ್ಕ ಪೂರಾ ಐತಿ, ಸ್ವರದ್ದು ಗೊತ್ತಿಲ್ಲ. ಇಳೀರಿ ನಮ್ಮೂರಾಗ.”

ಅಪ್ಪಣೆ ಕೊಡುವವರನ್ನು ನಾನು ಸಹಿಸುವುದಿಲ್ಲ. ಆದರೂ ಇಳಿದೆ. ನಾಳೆ ಬರುತ್ತೇನೆಂದು ತಂಗಿಗೆ ಫೋನ್ ಮಾಡಿದರೆ, “ಯಾರ ಮನ್ಯಾಗ ಇರ್ತಿಬೇ? ಹೆಸರರೆ ಹೇಳು,” ಎಂದು ಕೂಗಾಡಿದಳು. ಹೆಸರನ್ನು ನಾನು ಕೇಳಿಯೇ ಇರಲಿಲ್ಲ.

ಅವರ ಮನೆಯ ಪಡಸಾಲೆಯಲ್ಲಿ, ಸೊಸೆ ಚಹಾ ತರುವುದರೊಳಗೆ ಹಾರ್ಮೋನಿಯಂ ತೆರೆದರು. ಒಂದೊಂದೇ ಮನೆ ಒತ್ತಿ ನನ್ನಿಂದ ಸ್ವರ ಹಿಡಿಸಿದರು. ಕಾಳಿ ಮೂರಕ್ಕೆ ಅಲ್ಲವೆಂದು ತಲೆಯಾಡಿಸಿದರು. ಐದನೆಯ ಬಿಳಿ ಮನೆಗೆ ಬಂದಾಗ ಅವರು ಏನೂ ಹೇಳಬೇಕಾಗಲಿಲ್ಲ. ಅಂಗಿ ಮೈಗೆ ಕೂತಂತೆ ದನಿ ಶ್ರುತಿಗೆ ಕೂತಿತು. ಮಠದಲ್ಲಿ ಸತ್ತ ಅದೇ ಪದವನ್ನು ಹಾಡತೊಡಗಿದೆ. ಕೈಬಿಡಬೇಡವೆಂದು ದೇವರನ್ನು ಬೇಡುವ ಪದವದು. ಎರಡನೆಯ ನುಡಿಯಲ್ಲಿ ನಾನೇ ನಿಂತುಬಿಟ್ಟೆ.

“ಯಾಕ್ ನಿಂತ್ರಿ? ದನಿ ಚೊಲೋ ಹೊಂಟಿತ್ತಲ್ಲ.”

“ಮಾತು ಈಗ ಕೇಳಸ್ತ್ರಿ.”

“ಯಾರ ಮಾತು?”

“ನಂದ.”

ಅಷ್ಟು ವರ್ಷ ಆ ಪದವನ್ನು ಹಾಡುವಾಗ ನನ್ನ ಗಮನವೆಲ್ಲ ದನಿ ಎಲ್ಲಿ ಒಡೆಯುವುದೋ ಎಂಬುದರ ಮೇಲೆ ಇತ್ತು. ಬೇಡಲು ಬಿಡುವೇ ಇರಲಿಲ್ಲ. ಮಠದಲ್ಲಿ ನಾನು ಕಳೆದುಕೊಂಡೆನೆಂದು ತಿಳಿದಿದ್ದ ದೇವರೊಡನೆ, ನಾನಿನ್ನೂ ಮಾತನ್ನೇ ಆರಂಭಿಸಿರಲಿಲ್ಲ.

“ನಿಮಗ ಈಗ ಕೇಳಸ್ತಂದ್ರ ಅವಗೂ ಈಗಽ ಕೇಳಿಸಿರಬೇಕು,” ಎಂದರು ಅವರು, ತಿದಿಯೊತ್ತುವುದನ್ನು ನಿಲ್ಲಿಸದೆ. “ಮುಂದ ಹಾಡ್ರಿ, ಕಾಯಾಕತ್ತಾನ.”

ಹಾಡಿದೆ. ಬೇಡಿಕೊಂಡೆ ಎನ್ನುವುದೇ ಸರಿ. ಮೊದಲು ಅಕ್ಕನಿಗಾಗಿ, ತಡವಾಯಿತೆಂಬ ಸಂಕೋಚವಿಲ್ಲದೆ, ಆಮೇಲೆ ನನಗಾಗಿ. ಕೇಳುವವನು ಇದ್ದಾನೆಯೇ ಎಂಬ ಸಂಶಯ ಆ ಮಧ್ಯಾಹ್ನ ಬರಲಿಲ್ಲ, ಆಮೇಲೂ ಬಂದಿಲ್ಲ.

ಈಗ ಬೆಳಗಿನ ಪ್ರಾರ್ಥನೆ ಮನೆಯಲ್ಲಿ ನನ್ನದೇ. ಸೋಮವಾರದ ಹಾಡು ಬಾಗೇವಾಡಿಯ ಆ ಪಡಸಾಲೆಯಲ್ಲಿ. ಬಸ್ಸಿನಲ್ಲಿ ಹೋಗಿಬರುವುದನ್ನು ಕಂಡು, ದೇವರು ಒಲಿದ ಮೇಲೂ ಮಠದವರನ್ನು ಕ್ಷಮಿಸಲಿಲ್ಲವೇ ಎಂದು ಬಂಧುಗಳು ಕೇಳುತ್ತಾರೆ. ಕ್ಷಮಿಸಿಲ್ಲ. ಆ ದೂರನ್ನೂ ದಿನ ಬೆಳಗ್ಗೆ ಪ್ರಾರ್ಥನೆಯ ಕೊನೆಗೆ, ಯಾವ ವಿವರವನ್ನೂ ಬಿಡದೆ, ಅವನ ಮುಂದೆ ಇಡುತ್ತಿದ್ದೇನೆ. ಅವನು ಕೇಳುತ್ತಿದ್ದಾನೆ. ಬೇಸರಗೊಂಡಂತೆ ಕಾಣುವುದಿಲ್ಲ.